ಉಡಿಯ ಕೊಬ್ಬರಿ ವಿಮಾನ ಹತ್ತಲಿಲ್ಲ

ಹುಬ್ಬಳ್ಳಿಯಲ್ಲಿ ಕುಬಸ, ಅಂದರೆ ಸೀಮಂತ, ಹೇಗಾಯಿತು ಅಂತ ಕೇಳಿದರೆ ಹೇಳೋದು ಇಷ್ಟೇ: ಚೆನ್ನಾಗಾಯಿತು, ಮೂರು ಹೋಳಿಗೆ ತಿಂದೆ. ಹೋಗುವಾಗಿನ ಕಥೆಯೂ ಅಷ್ಟೇ ಚಿಕ್ಕದು. ಬೆಂಗಳೂರಿನ ಜಯನಗರದ ಮನೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿಂದ ಹುಬ್ಬಳ್ಳಿಗೆ ಒಂದು ಗಂಟೆ. ನಾನು ಬರೆಯಲು ಕೂತಿದ್ದು ವಾಪಸ್ ಬರುವ ದಿನ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಕಳೆದ ಮೂರು ಗಂಟೆಯ ಬಗ್ಗೆ.

ಮನೆಮಗಳು ಊರಿಗೆ ಹೊರಟಳು ಅಂತ ನನ್ನ ಹೆಂಡತಿಗೆ ಉಡಿ ತುಂಬಿದ್ದರು. ಅಕ್ಕಿ, ಉತ್ತತ್ತಿ, ಅರಿಶಿನ ಬೇರು, ಖಣ, ಐದು ಕೊಬ್ಬರಿ ಬಟ್ಟಲು. ಎಲ್ಲ ಸೂಟ್‌ಕೇಸಿನಲ್ಲಿತ್ತು. ಕೌಂಟರಿನಲ್ಲಿದ್ದ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಮೆಲ್ಲಗೆ ಕೇಳಿದಳು.

"ಮೇಡಂ, ಒಳಗ ಒಣಕೊಬ್ಬರಿ ಐತೇನ್ರಿ?"

ಇದೆ ಅಂದೆವು. ಅಲ್ಲಿಗೆ ಮುಗೀತು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತೆ. ಹಾಗಾಗಿ ಲಗೇಜಿನಲ್ಲೂ ಬಿಡಲ್ಲ, ಕೈಚೀಲದಲ್ಲೂ ಬಿಡಲ್ಲ.

"ಉಡ್ಯಾಗಿನ ಕೊಬ್ಬರಿ ವಾಪಸ್ ಮಾಡಬಾರದವಾ," ಅಂದಳು ನನ್ನಾಕೆ.

"ಗೊತ್ತೈತ್ರಿ ಅಕ್ಕಾರ. ನಮ್ಮವ್ವಗೂ ಹಿಂಗs ಆಗಿತ್ತು."

'ಮೇಡಂ' ಹೋಗಿ 'ಅಕ್ಕಾರ' ಬಂದಿದ್ದರಿಂದ ನನ್ನಾಕೆ ಸ್ವಲ್ಪ ತಣ್ಣಗಾದಳು. ಅವಳ ಅಣ್ಣ ಆಗಲೇ ಅರ್ಧ ದಾರಿ ಹೋಗಿದ್ದರು. ಫೋನ್ ಮಾಡಿ ಕರೆಸಿ, ಐದೂ ಬಟ್ಟಲನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟಿದ್ದಾಯಿತು. ಮದುವೆ, ಕುಬಸ ಮುಗಿಸಿ ವಿಮಾನ ಹತ್ತೋರು ದಯವಿಟ್ಟು ಕೊಬ್ಬರಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಾಗೇ ಚಕ್ರದ ಸೂಟ್‌ಕೇಸನ್ನು ಒಳಗೆ ಒಯ್ಯುವ ಆಸೆಯನ್ನೂ ಬಿಡಿ. ಈ ಸಣ್ಣ ವಿಮಾನಗಳಲ್ಲಿ ತಲೆ ಮೇಲಿನ ಗೂಡು ತೀರಾ ಚಿಕ್ಕದು.

ಒಳಗೆ ಹೋದರೆ ವಿಮಾನ ಒಂದೂವರೆ ಗಂಟೆ ತಡ ಅಂತ ಬೋರ್ಡು. ಗೇಟಿನಲ್ಲಿ ನೋಡಿದರೆ ಅದೇ ಹುಡುಗಿ! ಕೌಂಟರ್ ಮುಚ್ಚಿ, ಕೈಯಲ್ಲಿ ವಾಕಿಟಾಕಿ ಹಿಡಿದು ಇಲ್ಲಿಗೆ ಬಂದಿದ್ದಳು. ಒಬ್ಬರು ಅವಳ ಮೇಲೆ ರೇಗಾಡಿ ಹೋದ ಮೇಲೆ ನನ್ನಾಕೆ ಕೇಳಿದಳು, "ಇಷ್ಟ್ ಚಲೋ ಬಿಸಲೈತಿ, ತಡ ಯಾಕವಾ?"

"ಬಿಸಲು ಇಲ್ಲಿ ಐತ್ರಿ. ಮುಂಜಾನೆ ಬ್ಯಾರೆ ಊರಾಗ ಮಂಜು ಬಿದ್ದಿತ್ತು. ಅದs ವಿಮಾನ ದಿನಾ ಐದಾರು ಊರು ಸುತ್ತತೈತ್ರಿ. ನಮ್ಮನ್ಯಾಗ ಒಂದs ಬೈಕ್ ಇದ್ದಂಗ. ಅಪ್ಪ ತಡಾ ಮಾಡಿದ್ರ ಅಣ್ಣಂದೂ ತಡ, ನಂದೂ ತಡ."

ಬೈಕಿನ ಮಾತು ನನಗೆ ತುಂಬಾ ಹಿಡಿಸಿತು. ಬಂದ ವಿಮಾನ ಇಲ್ಲಿ ನಿಲ್ಲುವುದು ಎಷ್ಟು ಹೊತ್ತು ಅಂತ ಕೇಳಿದೆ. ಇಪ್ಪತ್ತೈದು ನಿಮಿಷ ಅಂದಳು. ಅಷ್ಟರಲ್ಲಿ ಬಂದವರು ಇಳಿದು, ಸಾಮಾನು ಇಳಿದು, ಕಸ ಗುಡಿಸಿ, ನಾವು ಹತ್ತಬೇಕು. ನೆಲದ ಮೇಲೆ ನಿಂತ ವಿಮಾನಕ್ಕೆ ಕಂತು, ಬಾಡಿಗೆ ಎಲ್ಲ ನಡೀತಾನೇ ಇರುತ್ತೆ, ಆದಾಯ ಮಾತ್ರ ಇರಲ್ಲ. ಟಿಕೆಟ್ ಅಗ್ಗವಾಗಬೇಕಾದರೆ ಬೆಳಗ್ಗೆಯಿಂದ ರಾತ್ರಿ ತನಕ ಹಾರುತ್ತಲೇ ಇರಬೇಕು. ನಡುವೆ ಉಸಿರಾಡಲು ಜಾಗ ಇಟ್ಟುಕೊಳ್ಳದ ಲೆಕ್ಕ ಇದು. ಅದಕ್ಕೇ ಬೆಳಗಿನ ಮಂಜು ಸಂಜೆ ಹುಬ್ಬಳ್ಳಿಯಲ್ಲಿ ನಮ್ಮನ್ನು ಕಾಯಿಸುತ್ತೆ.

ಬೆಂಚಿನ ಮೇಲೆ ಕೂತು ಹಳೆಯದೆಲ್ಲ ನೆನಪಾಯಿತು. ಕ್ಯಾಪ್ಟನ್ ಗೋಪಿನಾಥ್ ಅವರ ಅಗ್ಗದ ವಿಮಾನ ಕಂಪನಿ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಶುರುವಾಗಿದ್ದು ಇದೇ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲೇ, ಎಟಿಆರ್ 42 ಅನ್ನೋ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲಿ. ಪುಕ್ಕಟೆ ಊಟ ಇಲ್ಲ, ಆದರೆ ಒಂದು ರೂಪಾಯಿಗೂ ಟಿಕೆಟ್ ಇತ್ತು. ನಮ್ಮ ಆಫೀಸಿನಲ್ಲಿ ಆ ಒಂದು ರೂಪಾಯಿ ಟಿಕೆಟ್ಟಿಗಾಗಿ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತವರಿದ್ದರು! 2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್ ವಿಮಾನ ಕಂಪನಿ ಜೊತೆ ಸೇರಿಹೋಯಿತು. 2012ರಲ್ಲಿ ಕಿಂಗ್‌ಫಿಷರೂ ನಿಂತಿತು. ಆಮೇಲೆ ಬಂದದ್ದು ಸಣ್ಣ ಊರುಗಳಿಗೂ ಅಗ್ಗದಲ್ಲಿ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆ. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಅದರ ಮೊದಲ ವಿಮಾನ. ಒಂದು ಗಂಟೆಯ ಹಾರಾಟಕ್ಕೆ, ಸುಮಾರು ಅರ್ಧದಷ್ಟು ಸೀಟಿಗೆ, 2,500 ರೂಪಾಯಿಯ ಮಿತಿ ಇಟ್ಟರು. ಕಂಪನಿಗೆ ಬೀಳುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ ಅಂದರು. ಮೂರು ವರ್ಷ ಮುಗಿಯುವ ಮೊದಲೇ ಕೈಬಿಟ್ಟ ಮಾರ್ಗಗಳೂ ಇವೆ. ಉದ್ಘಾಟನೆಗೆ ರಿಬ್ಬನ್ ಕತ್ತರಿಸುವಾಗ ಇರುವ ಗದ್ದಲ ಮಾರ್ಗ ನಿಂತಾಗ ಇರಲ್ಲ, ಅಲ್ವಾ?

ಕೊನೆಗೂ ವಿಮಾನ ಬಂತು. ಎಟಿಆರ್ 72. ಇದರಲ್ಲಿ ಹತ್ತೋದು ಹಿಂಬಾಗಿಲಿನಿಂದ, ನಾಲ್ಕಾರು ಮೆಟ್ಟಿಲು, ಬಸ್ ಹತ್ತಿದ ಹಾಗೆ. ಮುಂದಿನ ಬಾಗಿಲು ಸಾಮಾನಿಗೆ. ಬಲಗಡೆಯ ಎಂಜಿನ್ ಗುಂಯ್ ಅನ್ನುತ್ತಿತ್ತು, ಅದರ ಪ್ರೊಪೆಲ್ಲರ್ ಮಾತ್ರ ಅಲ್ಲಾಡುತ್ತಿರಲಿಲ್ಲ. ಕೆಟ್ಟಿದೆಯೇನೋ ಅಂತ ಹೆದರಿದೆ. ಕೆಟ್ಟಿರಲಿಲ್ಲ, ಬ್ರೇಕ್ ಹಾಕಿದ್ದರು. ದೊಡ್ಡ ವಿಮಾನಗಳಲ್ಲಿ ನೆಲದ ಮೇಲೆ ಕರೆಂಟು, ಏಸಿ ಕೊಡೋಕೆ ಬಾಲದಲ್ಲಿ ಇನ್ನೊಂದು ಪುಟ್ಟ ಎಂಜಿನ್ ಇರುತ್ತೆ. ಇದರಲ್ಲಿ ಅದು ಇಲ್ಲ. ಅದರ ಭಾರ ಯಾಕೆ ಹೊರಬೇಕು ಅಂತ ಇರುವ ಎಂಜಿನ್ನಿಂದಲೇ ಆ ಕೆಲಸ ಮಾಡಿಸುತ್ತಾರೆ. ಈ ಜಿಪುಣತನ ನನಗೆ ಬಹಳ ಇಷ್ಟವಾಯಿತು.

ಮೆಟ್ಟಿಲ ಬುಡದಲ್ಲಿ, ಹಳದಿ ಜಾಕೆಟ್ ಹಾಕಿಕೊಂಡು ಜನರನ್ನು ಎಣಿಸುತ್ತಿದ್ದವಳು ಮತ್ತೆ ಅದೇ ಹುಡುಗಿ. ನಾವು ಹತ್ತುವಾಗ ನನ್ನಾಕೆ ಜಡೆಯಲ್ಲಿದ್ದ ಮಲ್ಲಿಗೆಯ ಒಂದು ತುಂಡು ಕಿತ್ತು ಅವಳ ಕೈಗಿಟ್ಟಳು. ಅವಳು ಆಚೀಚೆ ನೋಡಿ ಜೇಬಿಗೆ ಹಾಕಿಕೊಂಡಳು.

ಒಳಗೆ ಅರ್ಧ ಸೀಟು ಖಾಲಿ. ತೂಕ ಸರಿಹೋಗಬೇಕು, ಮುಂದಿನವರು ಮೂವರು ಹಿಂದೆ ಬನ್ನಿ ಅಂದರು ಗಗನಸಖಿ. "ಮೂರು ಹೋಳಿಗಿ ತಿಂದವರು ನೀವು, ನೀವs ಹೋಗ್ರಿ," ಅಂದಳು ನನ್ನಾಕೆ. ಹೋದೆ. ಕಿಟಕಿ ಸಿಕ್ಕಿತು. ರೆಕ್ಕೆ ತಲೆ ಮೇಲಿರೋದರಿಂದ ಕೆಳಗಿನದು ಯಾವುದಕ್ಕೂ ಅಡ್ಡಿಯಿಲ್ಲ. ಮುಸ್ಸಂಜೆಯಲ್ಲಿ ಕರಿ ಹೊಲಗಳು, ನಡುನಡುವೆ ಕೆರೆಗಳ ಹೊಳಪು.

ಮೂರನೇ ದಿನ ಬೆಳಗ್ಗೆ ಕೊಬ್ಬರಿಯೂ ಬಂತು, ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ. ಐದರಲ್ಲಿ ಒಂದು ಬಟ್ಟಲು ಒಡೆದಿತ್ತು.