ನಿಮ್ಮ ಹೊಳೆಯಲ್ಲಿ ನೀರೆಲ್ಲಿ?

ಬೇಸಿಗೆಯಲ್ಲಿ ಕೊಡಗಿನ ನಮ್ಮ ಮನೆಗೆ ಬರುವವರೆಲ್ಲ ಗೇಟು ದಾಟುತ್ತಿದ್ದಂತೆ ಕೇಳುವ ಪ್ರಶ್ನೆ ಇದು. ಸೂರಿನ ಮೂಲೆಯಿಂದ ಕಾಫಿ ತೋಟದ ಅಂಚಿನವರೆಗೆ, ಸುಮಾರು 60 ಅಡಿ ಉದ್ದಕ್ಕೆ, ಎರಡು ಅಡಿ ಅಗಲದ, ಪುಟ್ಟ ಹೊಳೆಯಂಥ ತೋಡೊಂದನ್ನು ಮಾಡಿದ್ದೇವೆ. ಕಲ್ಲು, ಮರಳು, ದಂಡೆಯಲ್ಲಿ ಹಸಿರು ಎಲ್ಲವೂ ಇದೆ, ನೀರು ಮಾತ್ರ ಇಲ್ಲ. "ಇಷ್ಟೆಲ್ಲ ಮಾಡಿದವರು ಒಂದು ಮೋಟಾರ್ ಇಟ್ಟು ನೀರು ಹರಿಸಬಾರದೇ?" ಎನ್ನುತ್ತಾರೆ.

ಬೇಡ ಎನ್ನುವುದಕ್ಕೆ ನನಗೆ ಗಟ್ಟಿ ಕಾರಣವಿದೆ. ಈ ತೋಡನ್ನು ನಾವು ಮಾಡಿದ್ದು ನೀರನ್ನು ನೋಡುವುದಕ್ಕಲ್ಲ, ಮಳೆಯ ನೀರನ್ನು ನಿಧಾನಗೊಳಿಸುವುದಕ್ಕೆ. ಲೆಕ್ಕ ಹಾಕಿ ನೋಡಿ: ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಹೆಂಚಿನ ಮಾಡಿನ ಮೇಲೆ 100 ಮಿಲಿಮೀಟರ್ ಸುರಿದರೆ 9,000 ಲೀಟರ್‌ಗೂ ಹೆಚ್ಚು. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬರುವುದು ಇಲ್ಲಿ ಯಾರಿಗೂ ಹೊಸದಲ್ಲ. ಮೊದಲು ಅದಕ್ಕಾಗಿ ನೇರವಾದ ಸಿಮೆಂಟ್ ಚರಂಡಿ ಇತ್ತು. ಅದರಲ್ಲಿ ನೀರು ಓಡಿದ ರಭಸಕ್ಕೆ ಕೊನೆಯಲ್ಲಿ ಆಳೆತ್ತರದ ಗುಂಡಿ ಬಿತ್ತು. ನಾಲ್ಕು ಕಾಫಿ ಗಿಡಗಳ ಬೇರು ಹೊರಗೆ ಬಂತು. ನಮ್ಮ ಕೆಮ್ಮಣ್ಣು ಹೋಗಿ ಕೆಳಗಿನವರ ಗದ್ದೆಯಲ್ಲಿ ಕೂತಿತು. ನೆರೆಮನೆಯವರು ಜಗಳವಾಡಲಿಲ್ಲ. ಆದರೆ ನಾಟಿ ಮಾಡಿದ ಪೈರಿನ ಮೇಲೆ ನಮ್ಮ ಮಣ್ಣು ಹರಡಿದ್ದನ್ನು ನೋಡಿ ನನಗೇ ತಡೆಯಲಾಗಲಿಲ್ಲ.

ಆ ಮಳೆಗಾಲ ಮುಗಿದ ಮೇಲೆ ಊರಿನ ತೋಡುಗಳನ್ನು ನೋಡುತ್ತ ಓಡಾಡಿದೆ. ಹರಿಯುವ ನೀರು ಎಲ್ಲಿಯೂ ನೇರವಾಗಿ ಹೋಗುವುದಿಲ್ಲ. ತಿರುವಿನ ಹೊರಬದಿಯಲ್ಲಿ ದಂಡೆಯನ್ನು ಕೊರೆಯುತ್ತದೆ, ಒಳಬದಿಯಲ್ಲಿ ಮರಳನ್ನು ಬಿಟ್ಟುಹೋಗುತ್ತದೆ. ಕಡಿದಾದ ಕಡೆ ದೊಡ್ಡ ಕಲ್ಲುಗಳು ಅಡ್ಡಲಾಗಿ ಸಿಕ್ಕಿಕೊಂಡು ಮೆಟ್ಟಿಲಾಗುತ್ತವೆ. ಪ್ರತಿ ಮೆಟ್ಟಿಲಿನ ಕೆಳಗೊಂದು ಮಡು, ಧುಮುಕಿದ ನೀರಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಇಳಿಜಾರು ಕಡಿಮೆಯಿದ್ದಲ್ಲಿ ಹೊಳೆಯ ಅಗಲದ ಐದರಿಂದ ಏಳು ಪಟ್ಟು ದೂರಕ್ಕೊಂದರಂತೆ ಮಡುಗಳು ಕಾಣುತ್ತವೆ. ಅದೇ ಲೆಕ್ಕದಲ್ಲಿ ನಮ್ಮ ಎರಡಡಿಯ ತೋಡಿಗೆ ಹತ್ತು ಹನ್ನೆರಡು ಅಡಿಗೊಂದು ತಿರುವು, ತಿರುವಿಗೊಂದು ಮಡು ಕೊಟ್ಟೆವು. ತಳಕ್ಕೆ ಸಿಮೆಂಟೂ ಇಲ್ಲ, ಪ್ಲಾಸ್ಟಿಕ್ ಹಾಳೆಯೂ ಇಲ್ಲ. ಮಳೆ ಬಿಟ್ಟು ಒಂದೆರಡು ದಿನದಲ್ಲಿ ಮಡುವಿನ ನೀರು ಇಂಗಿಬಿಡಬೇಕು, ಇಲ್ಲವಾದರೆ ಸೊಳ್ಳೆಗೆ ಮನೆ ಮಾಡಿಕೊಟ್ಟ ಹಾಗೆ. ಮಳೆನೀರು ಇಂಗಲೆಂದು ಕಾಫಿ ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಿನ ವಿಷಯದಲ್ಲಿ ನಾನು ಹಟಮಾರಿ. ನುಣುಪಾದ ಉರುಟು ಕಲ್ಲು ಬೇಕೆಂದು ಹೊಳೆಯಿಂದ ಲೋಡುಗಟ್ಟಲೆ ತರಿಸುವವರನ್ನು ಕಂಡಿದ್ದೇನೆ. ಮನೆಯ ಮುಂದೊಂದು ಹೊಳೆ ಮಾಡಲು ನಿಜವಾದ ಹೊಳೆಯ ಹೊಟ್ಟೆ ಬಗೆಯುವುದು ತಪ್ಪು. ಆ ಕಲ್ಲಿನ ಸಂದಿಯಲ್ಲಿ ಮೀನು ಮರಿಗಳಿರುತ್ತವೆ, ಏಡಿಗಳಿರುತ್ತವೆ. ನಾವು ಬಳಸಿದ್ದು ಮನೆಯ ಅಡಿಪಾಯ ತೆಗೆದಾಗ ಸಿಕ್ಕಿದ ಒರಟು ಕಲ್ಲುಗಳನ್ನು. ಪ್ರತಿಯೊಂದನ್ನೂ ಮೂರರಲ್ಲಿ ಒಂದು ಪಾಲು ಮಣ್ಣಿನೊಳಗೆ ಹುಗಿದು ಕೂರಿಸಿದೆವು. ದೊಡ್ಡವು ತಿರುವಿನ ಹೊರಬದಿಗೆ, ಜಲ್ಲಿ ಒಳಬದಿಗೆ. ಒಂದೇ ಅಳತೆಯ ಕಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಅದು ಮತ್ತೆ ಚರಂಡಿಯಂತೆಯೇ ಕಾಣುತ್ತದೆ.

ಮರಳನ್ನು ನಾವು ತರಲೇ ಇಲ್ಲ. ಮೊದಲ ಜೂನ್‌ನಲ್ಲಿ ನೀರೇ ತಂದಿತು. ಬೆಳಿಗ್ಗೆ ಮಳೆ ಹೊಳವಾದಾಗ ಎರಡನೆಯ ತಿರುವಿನ ಬಳಿ ಕೂತು ನೋಡಿದೆ: ಮೇಲ್ಗಡೆ ಜೋಳದ ಕಾಳಿನಂಥ ಹರಳು, ಅದರ ಕೆಳಗೆ ರಾಗಿಯಂಥದ್ದು, ತುದಿಯಲ್ಲಿ ಹಿಟ್ಟಿನಂಥ ಕೆಂಪು ಗೋಡು. ಅದರ ಮೇಲೆ ಒಂದು ಕಾಫಿ ಎಲೆ, ಎಲೆಯ ಪಕ್ಕದಲ್ಲಿ ಏಡಿ ನಡೆದ ಗುರುತು. ಜರಡಿ ಹಿಡಿದು ಸೋಸಿದರೂ ನನ್ನಿಂದ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಗಿಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಂಡೆ ಹಿಡಿಯಲು ಲಾವಂಚ, ತೇವದಲ್ಲಿ ಕೆಸ, ಒಂದೆಲಗ, ನೆರಳಿನಲ್ಲಿ ಜರಿಗಿಡ. ಹೊಳೆಮತ್ತಿ, ಅತ್ತಿ ಎರಡೂ ನನಗೆ ಪ್ರಾಣ, ಆದರೆ ಅವು ಮನೆಯ ಗೋಡೆಯ ಪಕ್ಕದಲ್ಲಿ ಬೆಳೆಸುವ ಮರಗಳಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ನಿಮ್ಮ ಮನೆಯಿದ್ದರೆ ನೀರು ಇಂಗಿಸುವ ಇಂಥ ತೋಡು ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತೆಂದು ನಾವು ಕಂಡಿದ್ದೇವೆ. ನೀರು ಕುಡಿದು ಭಾರವಾದ ಮಣ್ಣು ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಅಂಥಲ್ಲಿ ನೀರನ್ನು ಹೊರಗೆ ಸಾಗಿಸುವುದೇ ಸರಿ. ಮಟ್ಟಸವಾದ ಜಾಗದಲ್ಲಿಯೂ ಅಡಿಪಾಯದಿಂದ ಮಡುವಿಗೆ ಹತ್ತಡಿಯಾದರೂ ಅಂತರವಿರಲಿ, ಅಲ್ಲಿಯವರೆಗೆ ಮಾಡಿನ ನೀರು ಪೈಪಿನಲ್ಲಿ ಬರಲಿ.

ಇನ್ನು ಮೋಟಾರ್. ಏಪ್ರಿಲ್‌ನಲ್ಲಿ ದುಬಾರೆಯ ಬಳಿ ಕಾವೇರಿಯೇ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವಷ್ಟು ಇಳಿದಿರುತ್ತಾಳೆ. ಬಾವಿಯ ನೀರನ್ನೆತ್ತಿ ಆಗ ನಮ್ಮ ತೋಡನ್ನು ತುಂಬಿಸಲು ನನಗೆ ಮನಸ್ಸು ಬಾರದು. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದ ಸಂಜೆ ಬನ್ನಿ. ಆಗಲೂ ನೀರು ಹರಿಯುವುದಿಲ್ಲ, ಕಲ್ಲುಗಳು ಕಪ್ಪಾಗಿ ಹೊಳೆಯುತ್ತವೆ, ಮಣ್ಣಿನ ವಾಸನೆ ಜಗಲಿಯವರೆಗೆ ಬರುತ್ತದೆ.

ನಿಮ್ಮ ಮನೆಯಲ್ಲಿಯೂ ಮಾಡಬೇಕೆಂದಿದ್ದರೆ ಈಗಲೇ ಕಲ್ಲು ಹುಡುಕಬೇಡಿ. ಜೋರು ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ಅಂಗಳದಲ್ಲಿ ನಿಲ್ಲಿ. ನೀರು ತಾನಾಗಿ ಹೋಗುವ ದಾರಿಯುದ್ದಕ್ಕೂ ಗೂಟ ನೆಡುತ್ತ ಹೋಗಿ. ಅಗೆಯುವ ಕೆಲಸ ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ.