ಉಪ್ಪಿನ ಹರಳಿನಂಥ ಚುಕ್ಕೆಗಳು

ನಾಲ್ಕು ವರ್ಷಗಳಿಂದ ಒಂಟಿಯಾಗಿದ್ದ ನನ್ನ ಗೋಲ್ಡ್ ಫಿಶ್‌ಗೆ ಜೊತೆಯಿರಲೆಂದು ಒಂದು ಮರಿಯನ್ನು ತಂದು, ತಂದ ದಿನವೇ ಅದೇ ತೊಟ್ಟಿಗೆ ಬಿಟ್ಟದ್ದು ನಾನು ಮಾಡಿದ ಮೊದಲ ತಪ್ಪು. ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಟ್ಟು ಗಮನಿಸಬೇಕೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಮೀನು ಸಾಕಲು ಹೊರಟ ಇತರರಿಗೆ ನಾನೇ ಹಲವು ಬಾರಿ ಹೇಳಿದ್ದೆ. ಆದರೆ ಸಣ್ಣ ತೊಟ್ಟಿ ಅಟ್ಟದ ಮೇಲಿತ್ತು, ಮರಿ ಚುರುಕಾಗಿತ್ತು, ಚೀಲದ ನೀರೂ ತಿಳಿಯಾಗಿಯೇ ಕಾಣುತ್ತಿತ್ತು. ಐದನೆಯ ದಿನ ಮರಿ ಸತ್ತಿತು. ಪ್ರಯಾಣದ ಆಯಾಸವಿರಬೇಕೆಂದುಕೊಂಡು ಸುಮ್ಮನಾದೆ.

ಅದಾದ ಎರಡು ದಿನಕ್ಕೆ ಹಳೆಯ ಮೀನಿನ ಕಿವಿರಿನ ಮುಚ್ಚಳದ ಮೇಲೆ ನಾಲ್ಕೈದು ಬಿಳಿ ಚುಕ್ಕೆಗಳು ಕಾಣಿಸಿದವು. ಗಂಡು ಗೋಲ್ಡ್ ಫಿಶ್‌ಗೆ ಸಂತಾನಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಯ ಮುಂಗಡ್ಡಿಯ ಮೇಲೂ ಇಂಥದೇ ಬಿಳಿ ಗುಳ್ಳೆಗಳು ಏಳುತ್ತವೆ. ನನ್ನದು ಗಂಡು ಮೀನಾದ್ದರಿಂದ ಇದೂ ಅದೇ ಎಂದು ತೀರ್ಮಾನಿಸಿ, ಸ್ವಲ್ಪ ಸಂತೋಷವನ್ನೇ ಪಟ್ಟೆ. ಹೀಗೆ ಎರಡು ದಿನ ಕಳೆದುಹೋದವು. ಮೂರನೆಯ ದಿನ ಬೆಳಿಗ್ಗೆ ದೀಪ ಹಾಕಿದಾಗ ಮೀನು ತಳದ ಕಲ್ಲಿಗೆ ಪಕ್ಕೆಯನ್ನು ಫಕ್ಕನೆ ಉಜ್ಜಿ ಮೇಲಕ್ಕೆ ಚಿಮ್ಮಿತು. ಕ್ಷಣ ಬಿಟ್ಟು ಮತ್ತೆ ಉಜ್ಜಿತು. ಭೂತಗನ್ನಡಿ ಹಿಡಿದು ನೋಡಿದರೆ ಬಾಲದ ತೆಳುಪೊರೆಯ ಮೇಲೆ, ಬೆನ್ನುರೆಕ್ಕೆಯ ಅಂಚಿನಲ್ಲಿ, ಕಣ್ಣಿನ ಪಕ್ಕದಲ್ಲಿ, ಎಲ್ಲೆಂದರಲ್ಲಿ ಉಪ್ಪಿನ ಹರಳು ಉದುರಿಸಿದಂತೆ ಚುಕ್ಕೆಗಳಿದ್ದವು. ಸಂತಾನಕಾಲದ ಗುಳ್ಳೆಗಳು ಬಾಲಕ್ಕೆ ಹೀಗೆ ಹರಡುವುದಿಲ್ಲ. ಇದು ಬಿಳಿ ಚುಕ್ಕೆ ರೋಗ; ಮೀನು ಸಾಕುವವರು ಚಿಕ್ಕದಾಗಿ ಇಕ್ ಎಂದು ಕರೆಯುವಂಥದು.

ಈ ರೋಗದ ಪರಾವಲಂಬಿ ಒಂದೇ ಜೀವಕೋಶದ ಪ್ರಾಣಿ. ಫೂಕೆ ಎಂಬ ವಿಜ್ಞಾನಿ 1876ರಲ್ಲಿ ಅದಕ್ಕಿಟ್ಟ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್ ಎಂಬ ಹೆಸರಿಗೆ ಬಹುಸಂತಾನದ ಮೀನುಹೇನು ಎಂದು ಅರ್ಥ ಮಾಡಬಹುದು, ಮತ್ತು ಹೆಸರು ಅನ್ವರ್ಥವಾಗಿದೆ. ನಮಗೆ ಕಾಣುವ ಚುಕ್ಕೆಯೆಂದರೆ ಮೀನಿನ ಹೊರಚರ್ಮದ ಅಡಿಯಲ್ಲಿ ಕುಳಿತು ತಿಂದು ಬೆಳೆಯುತ್ತಿರುವ ಜೀವಿ. ಬೆಳೆದ ಮೇಲೆ ಅದು ಚರ್ಮವನ್ನು ಭೇದಿಸಿ ಹೊರಬಿದ್ದು, ತಳದ ಕಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು, ಸುತ್ತ ಒಂದು ಕೋಶ ಕಟ್ಟಿಕೊಂಡು, ಒಳಗೊಳಗೇ ಒಡೆಯುತ್ತ ನೂರಾರು ಮರಿಗಳಾಗಿ ನೀರಿಗೆ ಬರುತ್ತದೆ. ಆ ಮರಿಗಳಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಚರ್ಮದ ಅಡಿಯಲ್ಲಿರುವಾಗಲೂ ಕೋಶದೊಳಗಿರುವಾಗಲೂ ಉಪ್ಪಾಗಲಿ ಔಷಧವಾಗಲಿ ಅದನ್ನು ತಟ್ಟುವುದಿಲ್ಲ. ಮರಿಯಾಗಿ ಈಜುತ್ತಿರುವ ಅಷ್ಟು ಹೊತ್ತು ಮಾತ್ರ ನಮ್ಮ ಕೈಗೆ ಸಿಗುತ್ತದೆ. ನೀರನ್ನು ಬೆಚ್ಚಗೆ ಮಾಡುವುದು ಈ ಕಾರಣಕ್ಕೇ: ಸುಮಾರು 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುವ ಈ ಚಕ್ರ ತಣ್ಣೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ.

ಮೀನನ್ನು 30 ಲೀಟರಿನ ಪ್ಲಾಸ್ಟಿಕ್ ಟಬ್ಬಿಗೆ ಸಾಗಿಸಿದೆ. ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ 90 ಗ್ರಾಂ ಉಪ್ಪು ಬೇಕಿತ್ತು. ಅದನ್ನು ಒಮ್ಮೆಗೇ ಸುರಿಯದೆ, ಹನ್ನೆರಡು ಗಂಟೆಗೊಮ್ಮೆ 30 ಗ್ರಾಂನಂತೆ, ಚೊಂಬಿನಲ್ಲಿ ಪೂರ್ತಿ ಕರಗಿಸಿ, ಅಂಚಿನಲ್ಲಿ ನಿಧಾನವಾಗಿ ಎರೆದೆ. ಹೀಟರಿನಿಂದ ಉಷ್ಣತೆಯನ್ನು 24ರಿಂದ 28 ಡಿಗ್ರಿಗೆ, ಒಂದೊಂದೇ ಡಿಗ್ರಿಯಾಗಿ, ಏರಿಸಿದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ, ಮತ್ತು ಈ ಪರಾವಲಂಬಿ ಕಿವಿರನ್ನೂ ಬಿಡುವುದಿಲ್ಲವಾದ್ದರಿಂದ, ಏರ್ ಪಂಪ್ ಹಗಲಿರುಳೂ ಓಡುತ್ತಿತ್ತು. ದಿನವೂ ಟಬ್ಬಿನ ತಳವನ್ನು ಕೊಳವೆಯಿಂದ ಎಳೆದು 10 ಲೀಟರು ನೀರು ತೆಗೆಯುವುದು, ಅಷ್ಟೇ ಬೆಚ್ಚಗಿನ ಹೊಸ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ ತುಂಬುವುದು, ಇದು ದಿನಚರಿಯಾಯಿತು. ಉಪ್ಪಿನ ಡಬ್ಬಿಯ ಪಕ್ಕದಲ್ಲಿ ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಇಳಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಚಮಚದ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ.

ನಾಲ್ಕನೆಯ ದಿನ ಚುಕ್ಕೆಗಳೆಲ್ಲ ಮಾಯವಾದವು. ಚುಕ್ಕೆ ಹೋಯಿತೆಂದರೆ ಪರಾವಲಂಬಿ ಸತ್ತಿತೆಂದಲ್ಲ, ಬೆಳೆದು ಕೆಳಗೆ ಬಿತ್ತೆಂದು ಅರ್ಥ. ಆರನೆಯ ದಿನ ಬಾಲದಲ್ಲಿ ಹೊಸದಾಗಿ ಎರಡು ಚುಕ್ಕೆ ಕಂಡವು. ಎಂಟನೆಯ ದಿನಕ್ಕೆ ಅವೂ ಹೋದವು. ಆಮೇಲೆ ಮತ್ತೆ ಬರಲಿಲ್ಲ. ಆದರೂ ಹದಿನಾಲ್ಕು ದಿನ ತುಂಬುವವರೆಗೆ ಉಪ್ಪುನೀರಿನಲ್ಲೇ ಇರಿಸಿದೆ.

ಇಲ್ಲಿಯವರೆಗೆ ನಡೆದದ್ದರಲ್ಲಿ ನಾಚಿಕೊಳ್ಳುವಂಥದ್ದು ಹೆಚ್ಚಿಲ್ಲ. ಎಡವಿದ್ದು ತೊಟ್ಟಿಯ ವಿಷಯದಲ್ಲಿ.

ಮೀನು ಟಬ್ಬಿಗೆ ಹೋದ ಮೂರನೆಯ ದಿನವೇ, ಖಾಲಿ ತೊಟ್ಟಿಯನ್ನು ನೋಡಿದರೆ ಅದರ ಒಂದೊಂದು ಕಲ್ಲಿನ ಮೇಲೂ ರೋಗ ಕುಳಿತಿದೆಯೆಂಬ ಭಾವನೆ ಬಂದು, ಅದನ್ನು ಪೂರ್ತಿ ಸೋಂಕುಮುಕ್ತ ಮಾಡಿಬಿಡುವ ಹಟ ಹತ್ತಿತು. 5 ಪ್ರತಿಶತ ಸೋಡಿಯಂ ಹೈಪೋಕ್ಲೋರೈಟ್ ಇರುವ, ಸುವಾಸನೆ ಸೇರಿಸದ ಬ್ಲೀಚ್ ದ್ರಾವಣವನ್ನು ಲೀಟರಿಗೆ 4 ಮಿಲಿಲೀಟರಿನಂತೆ ಬೆರೆಸಿದರೆ ಕ್ಲೋರಿನ್ ಸುಮಾರು 200 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 200 ಭಾಗ) ಆಗುತ್ತದೆ. 120 ಲೀಟರಿನ ತೊಟ್ಟಿಗೆ ಹೆಚ್ಚುಕಡಿಮೆ ಅರ್ಧ ಲೀಟರು ಬಿತ್ತು. ಕಿಟಕಿಗಳನ್ನೆಲ್ಲ ತೆರೆದು, ಕೈಗವಸು ತೊಟ್ಟು, ಗಾಜಿನ ಪಾಚಿಯನ್ನು ಮೊದಲು ಉಜ್ಜಿ ತೆಗೆದು (ಕೊಳೆ ಇದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಹೋಗುತ್ತದೆ), ಒಂದು ಗಂಟೆ ಬಿಟ್ಟೆ. ಬಲೆ, ಕೊಳವೆ, ಹೀಟರು, ಕಲ್ಲುಗಳು ಎಲ್ಲ ಒಳಗೇ ಇದ್ದವು. ಅವುಗಳ ಜೊತೆಗೆ ಫಿಲ್ಟರಿನ ಸ್ಪಾಂಜನ್ನೂ ಹಾಕಿದೆ. ಕಂದು ಬಣ್ಣದ, ಮಣ್ಣುವಾಸನೆಯ ಆ ಹಳೆಯ ಸ್ಪಾಂಜು ನೋಡುತ್ತಿದ್ದಂತೆ ಬಿಳಿಚಿ ಹೊಸದರಂತಾದದ್ದನ್ನು ಕಂಡು ನನಗೆ ಆದ ತೃಪ್ತಿಯನ್ನು ಈಗ ನೆನೆದರೆ ಮುಜುಗರವಾಗುತ್ತದೆ. ತೊಟ್ಟಿಯಲ್ಲಿದ್ದ ಮರದ ತುಂಡು ಬ್ಲೀಚನ್ನು ಹೀರಿಕೊಂಡುಬಿಟ್ಟಿತು. ಎಷ್ಟು ತೊಳೆದರೂ ವಾಸನೆ ಹೋಗದೆ ಅದನ್ನು ಎಸೆಯಬೇಕಾಯಿತು. ಉಳಿದದ್ದನ್ನೆಲ್ಲ ನಾಲ್ಕು ಬಾರಿ ತೊಳೆದು, ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ ಬೆರೆಸಿದ ನೀರಿನಲ್ಲಿ ನೆನೆಸಿ, ಬಿಸಿಲಿನಲ್ಲಿ ಒಣಗಿಸಿ, ಪರೀಕ್ಷಾಪಟ್ಟಿಯಲ್ಲಿ ಕ್ಲೋರಿನ್ ಶೂನ್ಯವೆಂದು ಕಂಡ ಮೇಲೆಯೇ ಜೋಡಿಸಿದೆ.

ಹದಿನೈದನೆಯ ದಿನ ಮೀನು ತನ್ನ ಮನೆಗೆ ಮರಳಿತು. ಮೂರು ದಿನ ಕಳೆಯುವಷ್ಟರಲ್ಲಿ ಅದು ನೀರಿನ ಮೇಲ್ಮೈಯಲ್ಲೇ ಬಾಯಿ ತೆರೆದು ನಿಲ್ಲತೊಡಗಿತು. ಅಮೋನಿಯಾ ಪರೀಕ್ಷೆಗೆಂದು ಸಣ್ಣ ಗಾಜಿನ ನಳಿಗೆಗೆ ಹನಿಗಳನ್ನು ಬಿಟ್ಟು ಕಾದೆ. ಹಳದಿಯಾಗಿಯೇ ಉಳಿಯಬೇಕಿದ್ದ ನೀರು ನಿಧಾನವಾಗಿ ಹಸಿರಿಗೆ ತಿರುಗಿತು. ಮೀನು ಕಿವಿರಿನಿಂದ ಸದಾ ಹೊರಹಾಕುವ, ಅದಕ್ಕೇ ವಿಷವಾಗುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಸಿದ್ದದ್ದು ಮುಖ್ಯವಾಗಿ ಆ ಕೊಳಕು ಸ್ಪಾಂಜಿನಲ್ಲಿ. ಅವು ಮತ್ತೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ರೋಗದಿಂದ ಪಾರಾದ ಮೀನನ್ನು ನಾನು ನನ್ನ ಶುಚಿತ್ವದಿಂದ ಕೊಲ್ಲುವುದರಲ್ಲಿದ್ದೆ.

ಆ ಕೆಲಸ ಬೇಕಾಗಿಯೂ ಇರಲಿಲ್ಲ. ಮೀನಿಲ್ಲದ ತೊಟ್ಟಿಯಲ್ಲಿ ಹೀಟರನ್ನು 28 ಡಿಗ್ರಿಗಿಟ್ಟು, ಸ್ಪಾಂಜಿನ ಬ್ಯಾಕ್ಟೀರಿಯಾಗಳಿಗೆ ಚಿಟಿಕೆ ಮೀನಿನ ಆಹಾರ ಉದುರಿಸುತ್ತ ಬಂದಿದ್ದರೆ, ಹದಿನಾಲ್ಕು ದಿನದಲ್ಲಿ ಇಕ್ ಮರಿಗಳೆಲ್ಲ ಆಸರೆಯಿಲ್ಲದೆ ತಾವಾಗಿ ಸತ್ತಿರುತ್ತಿದ್ದವು. ಬ್ಲೀಚು ಬೇಕಾಗುವ ರೋಗಗಳು ಬೇರೆ ಇವೆ. ಮೀನಿನ ಕ್ಷಯದ ಮೈಕೋಬ್ಯಾಕ್ಟೀರಿಯಂನಂಥದು ಅದಕ್ಕೂ ಸುಲಭವಾಗಿ ಮಣಿಯದೆ 70 ಪ್ರತಿಶತ ಆಲ್ಕೊಹಾಲನ್ನೂ ಕೇಳುತ್ತದೆ, ಗಾಯವಿರುವ ಕೈಯನ್ನು ನೀರಿಗಿಟ್ಟರೆ ಮನುಷ್ಯರಿಗೂ ಅಂಟುತ್ತದೆ. ನನ್ನ ತೊಟ್ಟಿಯಲ್ಲಿದ್ದದ್ದು ಅದಲ್ಲ.

ಮುಂದಿನ ಮೂರು ವಾರ ದಿನಕ್ಕೆ ಅರ್ಧ ತೊಟ್ಟಿ ನೀರು ಬದಲಿಸಿದೆ, ಆಹಾರವನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದೆ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರುವುದನ್ನು ಉಪ್ಪಿನಲ್ಲಿರುವ ಕ್ಲೋರೈಡ್ ತಡೆಯುವುದರಿಂದ ಲೀಟರಿಗೆ 1 ಗ್ರಾಂ ಉಪ್ಪು ಮತ್ತೆ ಬಂತು. ಗೆಳೆಯರೊಬ್ಬರು ತಮ್ಮ ತೊಟ್ಟಿಯ ಹಳೆಯ ಸ್ಪಾಂಜಿನ ಅರ್ಧ ತುಂಡನ್ನು ಕೊಡುತ್ತೇನೆಂದಾಗ, ಅದರೊಂದಿಗೆ ಇನ್ನೇನು ಬರುವುದೋ ಎಂದು ಹಿಂಜರಿದು, ಒಂದು ವರ್ಷದಿಂದ ಅಲ್ಲಿಗೆ ಹೊಸ ಮೀನು ಬಂದಿಲ್ಲವೆಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡೇ ತಂದೆ. ಇಪ್ಪತ್ತೆರಡನೆಯ ದಿನ ನಳಿಗೆ ಹಳದಿಯಾಗಿಯೇ ಉಳಿಯಿತು.

ಅದಾಗಿ ಕೆಲವು ತಿಂಗಳಿಗೆ ಮೀನಿನ ಕಿವಿರಿನ ಮುಚ್ಚಳದ ಮೇಲೆ ಮತ್ತೆ ಬಿಳಿ ಚುಕ್ಕೆಗಳು ಎದ್ದವು. ಭೂತಗನ್ನಡಿ ಹಿಡಿದು ಕಾಲು ಗಂಟೆ ನಿಂತೆ. ಎರಡೂ ಬದಿಯಲ್ಲಿ ಒಂದೇ ರೀತಿ, ಎದೆರೆಕ್ಕೆಯ ಮೊದಲ ಕಡ್ಡಿಯ ಮೇಲೆ ಪೋಣಿಸಿದಂತೆ ಸಾಲಾಗಿ. ಬಾಲದಲ್ಲಿ ಒಂದೂ ಇರಲಿಲ್ಲ. ಮರುದಿನವೂ, ಅದರ ಮರುದಿನವೂ ಎಣಿಸಿ ನೋಡಿ, ಭೂತಗನ್ನಡಿಯನ್ನು ಡಬ್ಬಿಗೆ ಹಾಕಿದೆ.