ಸ್ಟೀವ್ ಆಸ್ಟಿನ್‌ನ ತೋಳಿನ ಗೋಳು

ಗೊಂಬೆ ಕೆಲಸ ಈ ವಾರ ಸ್ವಲ್ಪ ಮುಂದೆ ಹೋಯಿತು. ಹೊಸಬರಿಗೆ ಹೇಳುವುದಾದರೆ, ಇಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಒಂದು ಚಿಕ್ಕ ಮ್ಯೂಸಿಯಂಗೆ ಶನಿವಾರ ಸುಮ್ನೆ ಸಹಾಯಕ್ಕೆ ಹೋಗುತ್ತೇನೆ, ಅಲ್ಲಿನ ಆಟಿಕೆ ಕಪಾಟು ಈಗ ನನ್ನ ಪಾಲಿಗೆ ಬಂದಿದೆ. ಸದ್ಯ ಮೇಜಿನ ಮೇಲಿರುವುದು 1975ರ ಕೆನ್ನರ್ ಕಂಪನಿಯ ಸ್ಟೀವ್ ಆಸ್ಟಿನ್, 'ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್' ಟಿವಿ ಸರಣಿಯ ಹೀರೋ. ಅಪಘಾತದಲ್ಲಿ ನುಜ್ಜುಗುಜ್ಜಾದ ಗಗನಯಾತ್ರಿಗೆ ಸರ್ಕಾರ 60 ಲಕ್ಷ ಡಾಲರ್ ಸುರಿದು ಬಲಗೈ, ಎರಡೂ ಕಾಲು, ಎಡಗಣ್ಣು ಹೊಸದಾಗಿ ಹಾಕಿಸುವ ಕಥೆ. 1974ರಿಂದ 1978ರವರೆಗೆ ಇಲ್ಲಿನ ಎಬಿಸಿ ಚಾನೆಲ್‌ನಲ್ಲಿ ಬಂತು, ಪಾತ್ರ ಮಾಡಿದ್ದು ಲೀ ಮೇಜರ್ಸ್. ಕೆನ್ನರ್ ಇದೇ ರಾಜ್ಯದ ಸಿನ್ಸಿನಾಟಿಯ ಕಂಪನಿಯಾಗಿತ್ತು. ಗೊಂಬೆಯ ಬೆನ್ನ ಮೇಲೆ ಸಿನ್ಸಿನಾಟಿ ಅಂತಲೂ ಇದೆ, ಮೇಡ್ ಇನ್ ಹಾಂಗ್‌ಕಾಂಗ್ ಅಂತಲೂ ಇದೆ.

ಎತ್ತರ 13 ಇಂಚು. ಕೆಂಪು ಟ್ರ್ಯಾಕ್‌ಸೂಟ್. ತಲೆಯ ಹಿಂದೆ ಒಂದು ತೂತು, ಅದರಲ್ಲಿ ಇಣುಕಿದರೆ ಕಣ್ಣಿನಿಂದ ಹೊರಗೆ ಕಾಣುತ್ತದೆ. ಮಜಾ ಏನೆಂದರೆ ಸರಣಿಯಲ್ಲಿ ಆ ಕಣ್ಣು ದೂರದ್ದನ್ನು ಹತ್ತಿರ ತರುತ್ತದೆ, ಗೊಂಬೆಗೆ ಹಾಕಿರುವುದು ಮಾತ್ರ ಮನೆ ಬಾಗಿಲಿನ ಇಣುಕುಗಾಜಿನಂಥ ಲೆನ್ಸ್, ಎದುರಿಗಿರುವ ಕುರ್ಚಿಯೂ ಮೈಲಿಯಾಚೆ ಹೋಗಿಬಿಡುತ್ತದೆ!

ನಿಜವಾದ ತಲೆನೋವು ಬಲಗೈ. ಅದಕ್ಕೆ ರಬ್ಬರಿನಂಥ ಮೆತ್ತನೆ ವಿನೈಲ್ ಚರ್ಮ ಇದೆ, ಅಂಗಿ ತೋಳಿನ ಹಾಗೆ ಮೇಲಕ್ಕೆ ಸುತ್ತಿದರೆ ಒಳಗೆ ಕಳಚಿ ತೆಗೆಯುವ ಎರಡು 'ಯಂತ್ರ'ಗಳು. ನಮ್ಮದರಲ್ಲಿ ಒಂದು ಮಾತ್ರ ಉಳಿದಿದೆ. ವಿನೈಲನ್ನು ಮೆತ್ತಗಿಡಲು ಬೆರೆಸಿದ್ದ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಮೇಲ್ಮೈಗೆ ಬರುತ್ತದೆ. ವಿನೈಲ್ ಮೊದಲು ಅಂಟಂಟಾಗುತ್ತದೆ, ಆಮೇಲೆ ಗಟ್ಟಿಯಾಗಿ ಸೀಳುತ್ತದೆ. ಇಲ್ಲಿ ಎರಡೂ ಇದೆ: ಮೊಣಕೈ ಹತ್ತಿರ ಧೂಳು ಕಚ್ಚಿಕೊಂಡಿದೆ, ಮಣಿಕಟ್ಟಿನಿಂದ ಅರ್ಧದವರೆಗೆ ಸೀಳಿದೆ. ಮುಖ, ಕಾಲುಗಳನ್ನು ಡಿಸ್ಟಿಲ್ಡ್ ವಾಟರ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದೆ, ಕಡ್ಡಿ ಕಾಫಿ ಬಣ್ಣಕ್ಕೆ ತಿರುಗಿತು. ತೋಳಿಗೆ ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ಬೆನ್ನಿನ ಬಟನ್ ಒತ್ತಿದರೆ ತೋಳು ಟಿಕ್ ಟಿಕ್ ಎಂದು ಮೇಲೇಳಬೇಕು, ಆದರೆ ಒಳಗಿನ ಐವತ್ತು ವರ್ಷದ ಪ್ಲಾಸ್ಟಿಕ್ ಗಿಯರ್ ಹಲ್ಲುಗಳ ಮೇಲೆ ನನಗೆ ನಂಬಿಕೆ ಇಲ್ಲ, ಒತ್ತಲಿಲ್ಲ. ಆಸೆ ಏನೋ ಆಯಿತು ಬಿಡಿ.

ಗೊಂಬೆ ಕೂಡಿಡುವ ಗೆಳೆಯನೊಬ್ಬ, ಆನ್‌ಲೈನ್‌ನಲ್ಲಿ ಹೊಸ ಚರ್ಮ ಸಿಗುತ್ತೆ, ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ ಎಂದ. ಅವನ ಷೋಕೇಸಿಗೆ ಅದು ಸರಿ. ಇಲ್ಲಿ 1975ರದ್ದು ಎಂದು ಚೀಟಿ ಹಚ್ಚಿ ಮೊನ್ನೆ ಮಾಡಿದ ತೋಳು ತೋರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಹರಿದದ್ದು ಹಾಗೇ ಇರಲಿ, ಚರ್ಮ ಸುತ್ತಿದರೆ ಹೇಗಿರುತ್ತಿತ್ತು ಎಂದು ಪಕ್ಕದಲ್ಲೊಂದು ಚಿತ್ರ ಇಟ್ಟರೆ ಸಾಕು, ಅಲ್ವಾ?

ಮ್ಯೂಸಿಯಂ ದಾಖಲೆಯ ನಂಬರ್ ಹಾಕುವುದೂ ಒಂದು ಕಥೆ. ಪಿಂಗಾಣಿಗಾದರೆ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ವಾರ್ನಿಷ್‌ನಂಥದ್ದರ ಪದರ ಬಳಿದು ಅದರ ಮೇಲೆ ಬರೆಯುತ್ತೇವೆ. ಅದನ್ನು ಸಾಮಾನ್ಯವಾಗಿ ಕರಗಿಸುವುದು ಅಸಿಟೋನ್‌ನಲ್ಲಿ, ಅದು ತಾಗಿದರೆ ಪ್ಲಾಸ್ಟಿಕ್ಕೇ ಕರಗೀತು. ಹಾಗಾಗಿ ಹತ್ತಿ ಪಟ್ಟಿಯ ಮೇಲೆ ಬರೆದು ಸೊಂಟಕ್ಕೆ ಸಡಿಲವಾಗಿ ಕಟ್ಟಿದೆ. ಟ್ರ್ಯಾಕ್‌ಸೂಟಿನ ಕೆಂಪು ಮೈಗೆ ಹತ್ತದಿರಲಿ ಎಂದು ನಡುವೆ ಆಸಿಡ್ ಇಲ್ಲದ ಟಿಶ್ಯೂ. ತೋಳಿನ ಕೆಳಗೆ ಟಿಶ್ಯೂ ಇಟ್ಟರೆ ಅಂಟಿಕೊಳ್ಳುತ್ತದೆ, ಅಲ್ಲಿಗೆ ಸಿಲಿಕೋನ್ ಬಳಿದ ಪಾಲಿಯೆಸ್ಟರ್ ಹಾಳೆ. ಜಿಪ್ ಕವರ್ ಮಾತ್ರ ಬೇಡವೇ ಬೇಡ. ಹಳೇ ಪಿವಿಸಿಯಿಂದ (ಈ ವಿನೈಲ್ ಅದೇ) ಹೊರಡುವ ಆಮ್ಲದ ಅನಿಲಕ್ಕೆ ಹೋಗಲು ದಾರಿ ಇರಬೇಕು.

ಟ್ರೇಗೆ ಫೋಮ್ ಕತ್ತರಿಸುವುದು ಬಾಕಿ. ಆಸ್ಟಿನ್ ಎತ್ತುವ ಪ್ಲಾಸ್ಟಿಕ್ ಎಂಜಿನ್ ಕೂಡ ಡಬ್ಬಿಯಲ್ಲಿತ್ತು, ಅದಕ್ಕೂ ಒಂದು ನಂಬರ್ ಬೇಕು. ಮುಂದಿನ ಸರದಿ ಅವನ ವೈರಿ ಮಾಸ್ಕಟ್ರಾನ್‌ದು. ಅವನಿಗೆ ಮೂರು ಮುಖವಾಡ ಇರಬೇಕು, ಡಬ್ಬಿ ಅಲ್ಲಾಡಿಸಿದರೆ ಒಂದರ ಸದ್ದು ಮಾತ್ರ ಬರುತ್ತಿದೆ.